ಕೃಷ್ಣನ ರಥ, ಅಪ್ಪಯ್ಯನ ಕಿವಿ

ನನ್ನ ಅಪ್ಪಯ್ಯ ಸುಮಾರು ನಲವತ್ತು ವರ್ಷ ತಾಳಮದ್ದಳೆಯ, ಅಂದರೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನದ, ಕೂಟಗಳಲ್ಲಿ ಅರ್ಥ ಹೇಳಿದವರು. ಹೆಸರುವಾಸಿ ಅರ್ಥಧಾರಿಯೇನೂ ಅಲ್ಲ. ಸಿದ್ದಾಪುರ, ಸಾಗರದ ಸುತ್ತಿನ ಊರುಗಳಲ್ಲಿ ಮಳೆ ಹಿಡಿದು ತೋಟದ ಕೆಲಸ ಕಡಿಮೆಯಾದ ದಿನಗಳಲ್ಲಿ, ಯಾರದೋ ಮನೆಯ ಜಗಲಿಯಲ್ಲೋ ದೇವಸ್ಥಾನದ ಚಂದ್ರಶಾಲೆಯಲ್ಲೋ ನಡೆಯುವ ಕೂಟಕ್ಕೆ ಕರೆ ಬಂದರೆ ಹೋಗಿ, ಕೃಷ್ಣನೋ ವಾಲಿಯೋ ಆಗಿ ಕುಳಿತು, ಬೆಳಗಿನ ಜಾವಕ್ಕೆ ಟಾರ್ಚು ಹಿಡಿದು ಮನೆಗೆ ಮರಳುತ್ತಿದ್ದವರು. ಎದುರು ಕುಳಿತವರ ವಾದದ ಎಳೆಯನ್ನೇ ಹಿಡಿದು ಅವರನ್ನೇ ಕಟ್ಟಿಹಾಕುವ ಅವರ ಚಾತುರ್ಯವನ್ನು ಊರಿನ ಹಿರಿಯರು ಇಂದಿಗೂ ನೆನೆಯುತ್ತಾರೆ. ಇಂಥ ಮನುಷ್ಯನಿಗೆ, ಕಿವಿಗೊಂದು ಯಂತ್ರ ಹಾಕಿಕೊಳ್ಳುವುದು ಒಳ್ಳೆಯದು ಎಂಬ ಒಂದೇ ಒಂದು ಸಣ್ಣ ಸಂಗತಿಯನ್ನು ಒಪ್ಪಿಸುವುದಕ್ಕೆ ನಮ್ಮ ಮನೆಯ ಐವರು ದೊಡ್ಡವರಿಗೆ ಎರಡೂವರೆ ವರ್ಷ ಸಾಲಲಿಲ್ಲ. ಅದರಲ್ಲೂ ನಾನು ಇಪ್ಪತ್ತಾರು ವರ್ಷ ಬ್ಯಾಂಕಿನಲ್ಲಿದ್ದು, ಸಾಲ ಕಟ್ಟಿ ಎಂದು ಜನರನ್ನು ಒಪ್ಪಿಸುವುದನ್ನೇ ಕಸುಬು ಮಾಡಿಕೊಂಡಿದ್ದವಳು.

ಈ ಕಸುಬಿಗೆ ಕನ್ನಡದಲ್ಲಿ ಎಷ್ಟೊಂದು ಮಾತುಗಳಿವೆ. ಒಪ್ಪಿಸುವುದು, ಒಲಿಸುವುದು, ಮನಗಾಣಿಸುವುದು, ಒಡಂಬಡಿಸುವುದು. ಒಂದು ಮೆಟ್ಟಿಲು ಇಳಿದರೆ ಪುಸಲಾಯಿಸುವುದು, ಮರುಳು ಮಾಡುವುದು. ಇನ್ನೂ ಇಳಿದರೆ ಟೋಪಿ ಹಾಕುವುದು. ಇವುಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಒಲಿಸುವುದು. ಒಲಿಯುವ ಕೆಲಸ ಪೂರ್ತಿಯಾಗಿ ಎದುರಿನವರದು. ನಮ್ಮ ಪಾಲಿಗೆ ಉಳಿಯುವುದು ಆ ಪದದ ಬಾಲಕ್ಕೆ ಅಂಟಿಕೊಂಡಿರುವ 'ಇಸು' ಎಂಬ ಪ್ರತ್ಯಯ ಮಾತ್ರ. ದಿನನಿತ್ಯದ ಮಾತುಕತೆಯಲ್ಲಿ ನಾವು ಸೋಲುವುದು ಹೆಚ್ಚಾಗಿ ಈ ಪಾಲು ಹಂಚಿಕೆಯನ್ನು ಮರೆತಾಗಲೇ ಎಂದು ನನಗೆ ಈಗ ಅನ್ನಿಸುತ್ತದೆ, ಆದರೆ ಆ ದೀಪಾವಳಿಯಂದು ಹಾಗೆ ಅನ್ನಿಸಿರಲಿಲ್ಲ.

ದೀಪಾವಳಿಯನ್ನು ನಮ್ಮ ಕಡೆ ದೊಡ್ಡಹಬ್ಬ ಎನ್ನುತ್ತಾರೆ. ಹನ್ನೊಂದು ಮಂದಿ ಮನೆಯಲ್ಲಿ ಸೇರಿದ್ದೆವು. ಬೆಂಗಳೂರಿನಿಂದ ಬಂದ ನನ್ನ ತಮ್ಮ ಸಿದ್ಧತೆ ಮಾಡಿಕೊಂಡೇ ಬಂದಿದ್ದ. ಕಿವಿ ಕೇಳಿಸದಿರುವುದಕ್ಕೂ ವಯಸ್ಸಾದ ಮೇಲೆ ಬರುವ ಮರೆವಿನ ಕಾಯಿಲೆಗೂ ನಂಟಿದೆ ಎಂದು ವೈದ್ಯರ ಜಾಗತಿಕ ಸಮಿತಿಯೊಂದು ಹೇಳಿದ ವಿಷಯವನ್ನು ಹಾಳೆಯ ಮೇಲೆ ಮುದ್ರಿಸಿ ತಂದಿದ್ದ. ಊಟವಾಗಿ ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿಗೆ, ಎಲ್ಲರೂ ಜಗಲಿಯಲ್ಲಿ ಕುಳಿತಿರುವಾಗ, ಆ ಹಾಳೆಯನ್ನು ಗಟ್ಟಿ ಧ್ವನಿಯಲ್ಲಿ ಓದಿ, ಯಂತ್ರ ಹಾಕಿಕೊಳ್ಳದಿದ್ದರೆ ಎಲ್ಲವೂ ಮರೆತುಹೋಗುವ ಅಪಾಯವಿದೆ ಎಂದು ಮುಗಿಸಿದ. ಅಪ್ಪಯ್ಯ ನಿಧಾನವಾಗಿ ಸುಣ್ಣ ಸವರುತ್ತ, "ಹಾಗಾದರೆ ಒಳ್ಳೆಯದೇ ಆಯಿತು, ಮೊದಲು ನೀನು ಈಗ ಓದಿದ್ದನ್ನು ಮರೆಯುತ್ತೇನೆ" ಎಂದರು. ಇಡೀ ಜಗಲಿ ನಕ್ಕಿತು. ತಮ್ಮನ ಹೆಂಡತಿಯೂ ನಕ್ಕಳು, ಅದು ಅವನಿಗೆ ಹೆಚ್ಚು ನೋವಾಯಿತು ಎಂದು ಕಾಣುತ್ತದೆ. ಅಂದಿನಿಂದ ಮುಂದಿನ ಹತ್ತು ತಿಂಗಳು ಕಿವಿಯ ಮಾತೆತ್ತಿದರೆ ಸಾಕು, ಅಪ್ಪಯ್ಯ ಎದ್ದು ತೋಟಕ್ಕೆ ಹೋಗುತ್ತಿದ್ದರು.

ತಮ್ಮನ ವಾದದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಜಗಲಿಯಲ್ಲಿ. ಇದನ್ನು ಅರ್ಥ ಮಾಡಿಕೊಳ್ಳಲು ತಾಳಮದ್ದಳೆ ಎಂದರೇನೆಂದು ಸ್ವಲ್ಪ ಹೇಳಬೇಕು. ಯಕ್ಷಗಾನದ ಪ್ರಸಂಗವನ್ನೇ ವೇಷವಿಲ್ಲದೆ, ಕುಣಿತವಿಲ್ಲದೆ ಕುಳಿತು ನಡೆಸುವ ಕಲೆ ಅದು. ಭಾಗವತರು ಪದ್ಯ ಹಾಡುತ್ತಾರೆ. ಆ ಪದ್ಯದ ಆಶಯವನ್ನು ಅರ್ಥಧಾರಿ ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ಬೆಳೆಸುತ್ತಾನೆ. ಎದುರಿನ ಪಾತ್ರಧಾರಿ ಅದನ್ನು ಪ್ರಶ್ನಿಸುತ್ತಾನೆ. ಬರೆದಿಟ್ಟ ಸಂಭಾಷಣೆ ಇಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ದೊಡ್ಡ ಅರ್ಥಧಾರಿಗಳು (1918–2006) ವಾಲಿಯಾಗಿ ಕುಳಿತರೆ, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಕೇಳುವ ಪ್ರಶ್ನೆಗಳಿಗೆ ರಾಮನಾದವರು ಬೆವರಬೇಕಾಗುತ್ತಿತ್ತೆಂದು ಅಪ್ಪಯ್ಯನೇ ಹೇಳುತ್ತಿದ್ದರು. ಆದರೆ ಎಷ್ಟೇ ಚೆನ್ನಾಗಿ ವಾದಿಸಿದರೂ ವಾಲಿ ಸಾಯಲೇಬೇಕು, ಎಷ್ಟೇ ಚೆನ್ನಾಗಿ ಸಂಧಾನ ನಡೆಸಿದರೂ ಕೌರವ ಐದು ಊರುಗಳನ್ನು ಕೊಡುವಂತಿಲ್ಲ. ಕಥೆಯ ಕೊನೆ ಇಬ್ಬರಿಗೂ ಮೊದಲೇ ಗೊತ್ತು. ಹಾಗಿದ್ದ ಮೇಲೆ ಇಬ್ಬರೂ ಒಲಿಸಲು ಹೊರಟದ್ದು ಪರಸ್ಪರರನ್ನಲ್ಲ, ಎದುರು ಕುಳಿತ ಸಭೆಯನ್ನು. ಕೃಷ್ಣನ ಮಾತಿಗೂ ಕೌರವನ ಮಾತಿಗೂ ತಲೆದೂಗುವವರು ಅದೇ ಜನ.

ನಮ್ಮ ಜಗಲಿಯಲ್ಲಿ ಅಂದು ನಡೆದದ್ದೂ ಅದೇ. ಹನ್ನೊಂದರಲ್ಲಿ ಇಬ್ಬರು ವಾದಿಗಳು, ಒಂಬತ್ತು ಮಂದಿ ಸಭಿಕರು. ನಲವತ್ತು ವರ್ಷ ಸಭೆಯ ನಾಡಿ ಹಿಡಿದು ಮಾತನಾಡಿದವರ ಎದುರು ನನ್ನ ತಮ್ಮ ಒಂದು ಸಭೆಯನ್ನೇ ಕಟ್ಟಿಕೊಟ್ಟ. ನಾಲ್ಕು ಜನರ ಎದುರು ಇನ್ನೊಬ್ಬರಿಗೆ ಬುದ್ಧಿ ಹೇಳಹೊರಟರೆ, ಅವರು ಮೊದಲು ಕಾಪಾಡಿಕೊಳ್ಳುವುದು ತಮ್ಮ ಮಾನವನ್ನು. ಆಮೇಲೆ ಉಳಿದರೆ ಕಿವಿಯನ್ನು. ಮಕ್ಕಳಿಗೂ ಇದು ಅನ್ವಯಿಸುತ್ತದೆ, ಗಂಡಂದಿರಿಗಂತೂ ಹೇಳುವುದೇ ಬೇಡ. ನೆಂಟರ ಮುಂದೆ ಗಂಡನ ಸಿಗರೇಟಿನ ಬಗ್ಗೆ ಮಾತೆತ್ತಿದ ಹೆಂಗಸರು ಎಷ್ಟು ಮಂದಿಯಿಲ್ಲ, ಆ ಮಾತಿನಿಂದ ಸಿಗರೇಟು ಬಿಟ್ಟ ಗಂಡಸನ್ನು ನಾನು ನೋಡಿಲ್ಲ.

ಇದನ್ನು ನಾನು ಮೊದಲೇ ಕಲಿತಿರಬೇಕಿತ್ತು, ಏಕೆಂದರೆ ಬ್ಯಾಂಕಿನಲ್ಲಿದ್ದಾಗ ಒಬ್ಬ ಹಿರಿಯ ಸಹೋದ್ಯೋಗಿ ಇದನ್ನೇ ಕಲಿಸಿಕೊಟ್ಟಿದ್ದರು. ಹಳ್ಳಿಯ ಶಾಖೆ, ಬೆಳೆ ಸಾಲದ ಗಡುವು ಹತ್ತಿರವಾದವರ ಪಟ್ಟಿ ಹಿಡಿದು ಬೈಕಿನಲ್ಲಿ ಹೊರಡುತ್ತಿದ್ದೆವು. ಸಾಲಗಾರ ಸೊಸೈಟಿ ಅಂಗಡಿಯ ಮುಂದೆ ನಾಲ್ಕು ಜನರ ನಡುವೆ ಸಿಕ್ಕರೆ ಅವರು ಬೈಕು ನಿಲ್ಲಿಸಿ, "ಈ ಸಲ ಮಳೆ ಹೇಗೆ" ಎಂದು ಕೇಳಿ ಮುಂದೆ ಹೋಗಿಬಿಡುತ್ತಿದ್ದರು. ಸಾಲದ ಮಾತು ಏನಿದ್ದರೂ ಸಂಜೆ ಅವನ ಮನೆಯ ಹಿಂದೆ, ಕೊಟ್ಟಿಗೆಯ ಹತ್ತಿರ. ನನಗೆ ಮೊದಲು ಇದು ಹೊತ್ತು ಹಾಳು ಮಾಡುವ ಕೆಲಸವೆನ್ನಿಸಿತ್ತು. 3 ಲಕ್ಷ ರೂಪಾಯಿವರೆಗಿನ ಬೆಳೆ ಸಾಲಕ್ಕೆ ಬಡ್ಡಿ ಶೇಕಡಾ 7 ಇದ್ದರೂ, ಗಡುವಿನೊಳಗೆ ಕಟ್ಟಿದವರಿಗೆ ಕೇಂದ್ರ ಸರ್ಕಾರದ ರಿಯಾಯಿತಿ ಸಿಕ್ಕಿ ಅದು ಶೇಕಡಾ 4ಕ್ಕೆ ಇಳಿಯುತ್ತದೆ. ಇಷ್ಟು ಸ್ಪಷ್ಟವಾದ ಲಾಭವನ್ನು ಅಂಗಡಿಯ ಮುಂದೆ ಹೇಳಿದರೇನು, ಕೊಟ್ಟಿಗೆಯ ಹಿಂದೆ ಹೇಳಿದರೇನು ಎಂಬುದು ನನ್ನ ವಾದವಾಗಿತ್ತು. ನಾನು ಅಂಗಡಿಯ ಮುಂದೆ ಹೇಳಿದವರು ಬ್ಯಾಂಕಿನ ದಾರಿಯನ್ನೇ ಬಿಟ್ಟರು. ಆ ಹಿರಿಯ ಸಹೋದ್ಯೋಗಿ ಕೊಟ್ಟಿಗೆಯ ಹಿಂದೆ ಕೇಳುತ್ತಿದ್ದದ್ದು ಲೆಕ್ಕವನ್ನೂ ಅಲ್ಲ, "ಅಡಿಕೆ ಯಾವಾಗ ಕೊಡುತ್ತೀರಿ? ಮಂಡಿಗೆ ಹೋಗುವ ದಿನ ಹಾಗೇ ಬ್ಯಾಂಕಿಗೂ ಬರುವುದಕ್ಕಾಗುತ್ತದೆಯೇ?" ಎಂದಷ್ಟೇ. ಅದಕ್ಕೆ ಆ ಮನುಷ್ಯ ತಾನೇ ಒಂದು ವಾರ, ಒಂದು ದಿನ ಹೇಳುತ್ತಿದ್ದ. ತಾನೇ ಹೇಳಿದ ದಿನವಾದ್ದರಿಂದ ಬರುತ್ತಿದ್ದ.

ಹಾಗೆಂದು ನಾಲ್ಕು ಜನ ಸೇರಿದಲ್ಲೆಲ್ಲ ಮನಸ್ಸು ಬದಲಾಗುವುದಿಲ್ಲವೆಂದಲ್ಲ. ಅದೇ ಬ್ಯಾಂಕಿನಲ್ಲಿ ಹೆಂಗಸರ ಸ್ವಸಹಾಯ ಸಂಘಗಳಿದ್ದವು. ಅವರ ವಾರದ ಸಭೆಯಲ್ಲಿ ಹದಿನೈದು ಮಂದಿ ಸುತ್ತ ಕುಳಿತು ತಾವೇ ತೀರ್ಮಾನಿಸಿದ್ದನ್ನು ನಮ್ಮ ನೋಟೀಸುಗಳು ಯಾವತ್ತೂ ಮಾಡಿಸಿದ್ದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಮಾಂಸದ ಕೊರತೆಯಾದಾಗ, ಅಲ್ಲಿನ ಗೃಹಿಣಿಯರು ಸಾಮಾನ್ಯವಾಗಿ ಬಳಸದ ಹೃದಯ, ಮೂತ್ರಪಿಂಡದಂಥ ಭಾಗಗಳನ್ನು ಅಡುಗೆ ಮಾಡುವಂತೆ ಒಪ್ಪಿಸುವುದು ಹೇಗೆಂದು ಕರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞ ಪರೀಕ್ಷಿಸಿದ್ದ. ಕೆಲವು ಗುಂಪುಗಳಿಗೆ ಪೌಷ್ಟಿಕತೆಯ ಬಗ್ಗೆ ಒಳ್ಳೆಯ ಉಪನ್ಯಾಸ; ಕೆಲವು ಗುಂಪುಗಳಲ್ಲಿ ಹೆಂಗಸರೇ ಚರ್ಚಿಸಿ, ಕೊನೆಗೆ ಕೈ ಎತ್ತಿ ತೀರ್ಮಾನ. ಉಪನ್ಯಾಸ ಕೇಳಿದವರಲ್ಲಿ ಶೇಕಡಾ 3 ಮಂದಿ ಮಾತ್ರ ಅದನ್ನು ಅಡುಗೆ ಮಾಡಿದರು, ಚರ್ಚಿಸಿದವರಲ್ಲಿ ಶೇಕಡಾ 32 ಮಂದಿ. ಆ ಹೆಂಗಸರು ಒಬ್ಬರಿಗೊಬ್ಬರು ಸಭಿಕರಾಗಿರಲಿಲ್ಲ. ಎಲ್ಲರ ಒಲೆಯ ಮೇಲೂ ಅದೇ ಪಾತ್ರೆ ಏರಬೇಕಿತ್ತು. ನಮ್ಮ ಜಗಲಿಯಲ್ಲಿ ಕುಳಿತ ಹನ್ನೊಂದು ಮಂದಿಯಲ್ಲಿ ಯಂತ್ರ ಹಾಕಿಕೊಳ್ಳಬೇಕಾದವರು ಒಬ್ಬರೇ.

ಸಭೆಗೂ ಏಕಾಂತಕ್ಕೂ ಇರುವ ಈ ವ್ಯತ್ಯಾಸವನ್ನು ಅಪ್ಪಯ್ಯ ಎಷ್ಟೋ ಸಲ ಅರ್ಥ ಹೇಳಿದ ಕೃಷ್ಣಸಂಧಾನದ ಕಥೆಯೇ ಬಿಡಿಸಿ ತೋರಿಸುತ್ತದೆ ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು. ಕೃಷ್ಣ ಹಸ್ತಿನಾವತಿಯಲ್ಲಿ ಮಾಡುವುದು ಎರಡು ಪ್ರಯತ್ನ. ಮೊದಲನೆಯದು ತುಂಬಿದ ಸಭೆಯಲ್ಲಿ, ಭೀಷ್ಮ ದ್ರೋಣರ ಎದುರು, ಕೌರವನಿಗೆ. ಅದು ಕೃಷ್ಣನನ್ನೇ ಕಟ್ಟಿಹಾಕುವ ಪ್ರಯತ್ನದಲ್ಲಿ ಮುಗಿಯುತ್ತದೆ. ಎರಡನೆಯದು ಸಭೆ ಮುರಿದ ಮೇಲೆ, ಕರ್ಣನೊಬ್ಬನಿಗೆ. ಗದುಗಿನ ಭಾರತದಲ್ಲಿ ಕುಮಾರವ್ಯಾಸ ಈ ಎರಡನೆಯ ಪ್ರಯತ್ನವನ್ನು ಆರಂಭಿಸುವ ರೀತಿಯನ್ನು ಗಮನಿಸಬೇಕು. ಕೃಷ್ಣ ಮೈದುನನೊಂದಿಗೆ ಆಡುವಂತೆ ಸರಸವಾಡುತ್ತ ಕರ್ಣನನ್ನು ರಥದೊಳಗೆ ಬರಸೆಳೆದು ತನ್ನ ಪೀಠದ ಮೇಲೆಯೇ ಕೂರಿಸಿಕೊಳ್ಳುತ್ತಾನೆ. ನಿಮಗೆ ಸಮನಾಗಿ ಕುಳಿತುಕೊಳ್ಳಲು ಅಂಜುತ್ತೇನೆ ಎಂದು ಕರ್ಣ ಹಿಂಜರಿಯುತ್ತಾನೆ. ಬದುಕಿಡೀ ಸೂತಪುತ್ರನೆನ್ನಿಸಿಕೊಂಡವನಿಗೆ, ಜನ್ಮರಹಸ್ಯದ ಒಂದು ಮಾತನ್ನೂ ಆಡುವ ಮೊದಲೇ, ಕುಳಿತ ಜಾಗವೇ ಅರ್ಧ ಕಥೆ ಹೇಳಿಬಿಟ್ಟಿತು. ಆಮೇಲೆ ಕೃಷ್ಣ ರಾಜ್ಯವನ್ನು ಮುಂದಿಡುತ್ತಾನೆ. ಕರ್ಣ ರಾಜ್ಯದ ಸಿರಿಗೆ ಸೋಲುವುದಿಲ್ಲ. ಸಾಕಿದ ಒಡೆಯನ ಋಣ ಅವನಿಗೆ ರಾಜ್ಯಕ್ಕಿಂತ ಭಾರ. ಹಾಗಾದರೆ ಕೃಷ್ಣ ಸೋತನೇ ಎಂದರೆ ಅದೂ ಇಲ್ಲ, ಏಕೆಂದರೆ ಕರ್ಣ ಕೊನೆಗೆ ಹೇಳುವುದು, ಕೌರವೇಂದ್ರನನ್ನು ನೀನು ಕೊಂದುಬಿಟ್ಟೆ ಎಂದು. ಪಕ್ಷ ಬದಲಾಗಲಿಲ್ಲ, ಒಳಗಿನ ಕೆಚ್ಚು ಬದಲಾಯಿತು. ಸಭೆಯಲ್ಲಿ ಇಷ್ಟೂ ಆಗಿರಲಿಲ್ಲ.

ಇದನ್ನು ಕೂಟದಲ್ಲಿ ನೋಡುವಾಗ ಒಂದು ತಮಾಷೆಯಿದೆ. ಗುಟ್ಟಾಗಿ ನಡೆಯಬೇಕಾದ ಆ ಮಾತುಕತೆ ಅಲ್ಲಿ ನೂರು ಜನರ ಎದುರು, ಮೈಕಿನಲ್ಲಿ ನಡೆಯುತ್ತದೆ.

ಇನ್ನು ನಮ್ಮ ಮಾತಿನ ಒಂದು ಚಾಳಿಯ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ಕನ್ನಡಿಗರಾದ ನಾವು ಎದುರಿನವರು ಮಾತು ಮುಗಿಸಿದ ಕೂಡಲೇ "ಅಲ್ಲ" ಎಂದು ಶುರು ಮಾಡುತ್ತೇವೆ. "ಅಲ್ಲ, ನಾನು ಹೇಳುವುದೇನೆಂದರೆ", "ಅಲ್ಲ, ನೀವು ಹೇಳುವುದು ಸರಿ, ಆದರೆ." ಒಪ್ಪುವಾಗಲೂ "ಅಲ್ಲ ಮತ್ತೆ!" ಎಂದೇ ಒಪ್ಪುತ್ತೇವೆ. ಬ್ಯಾಂಕಿನಲ್ಲಿ ಒಂದು ದಿನ ನಾನು ಕಿಟಕಿಯ ಈ ಕಡೆ ಕುಳಿತು ಎಷ್ಟು ಸಲ ಹಾಗೆ ಆರಂಭಿಸುತ್ತೇನೆಂದು ಚೀಟಿಯ ಮೇಲೆ ಗೀಟು ಹಾಕಿಕೊಂಡೆ. ಊಟದ ಹೊತ್ತಿಗೆ ಚೀಟಿ ತುಂಬಿತ್ತು, ನಾಚಿಕೆಯಾಗಿ ಹರಿದುಹಾಕಿದೆ. ಅಭ್ಯಾಸದಿಂದ ಬರುವ ಈ ಎರಡಕ್ಷರಕ್ಕೆ ನಾವು ಅರ್ಥ ಕೊಡದಿದ್ದರೂ ಕೇಳುವವರ ಮೈ ಅರ್ಥ ಮಾಡಿಕೊಳ್ಳುತ್ತದೆ, ಭುಜ ಸ್ವಲ್ಪ ಬಿಗಿಯುತ್ತದೆ. ಇದಕ್ಕೆ ಎದುರಾಗಿ ಇರುವುದು "ನೋಡೋಣ". ಮೇಲುನೋಟಕ್ಕೆ ಒಪ್ಪಿಗೆಯ ಹತ್ತಿರ ಬಂದಂತೆ ಕಾಣುವ ಈ ಪದ ಹತ್ತರಲ್ಲಿ ಒಂಬತ್ತು ಸಲ ಮರ್ಯಾದೆಯ ನಿರಾಕರಣೆ. "ನೋಡೋಣ" ಎಂದವರನ್ನು ಮರುದಿನವೇ "ನೋಡಿದಿರಾ?" ಎಂದು ಕೇಳುವವರು, ಬಾಗಿಲು ಅರ್ಧ ಮುಚ್ಚಿದೆಯೆಂದು ತಿಳಿಯದೆ ತಲೆ ತೂರಿಸುವವರು. ನಾನು ಅಪ್ಪಯ್ಯನಿಂದ ಆ ಎರಡೂವರೆ ವರ್ಷದಲ್ಲಿ ಕೇಳಿದ "ನೋಡೋಣ"ಗಳಿಗೆ ಲೆಕ್ಕವಿಲ್ಲ.

ಕುಡಿತದ ಸಮಸ್ಯೆ ಇರುವವರೊಂದಿಗೆ ಕೆಲಸ ಮಾಡುತ್ತಿದ್ದ ವಿಲಿಯಂ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞ 1983ರಲ್ಲಿ ಒಂದು ಲೇಖನ ಬರೆದರು. ಆಮೇಲೆ ಸ್ಟೀಫನ್ ರಾಲ್ನಿಕ್ ಅವರೊಂದಿಗೆ ಸೇರಿ ಅದನ್ನೊಂದು ಪದ್ಧತಿಯಾಗಿಯೇ ಬೆಳೆಸಿದರು. ಅದರ ತಿರುಳು ನನಗೆ ಅರ್ಥವಾದಂತೆ ಹೀಗಿದೆ: ಬಿಡಬೇಕೋ ಬೇಡವೋ ಎಂದು ಎರಡು ಮನಸ್ಸಿನಲ್ಲಿರುವವನ ಎದುರು ನಾವು ಒಂದು ಮನಸ್ಸಿನ ಪರವಾಗಿ ವಾದಿಸಲು ನಿಂತರೆ, ಅವನಿಗೆ ಉಳಿಯುವುದು ಇನ್ನೊಂದರ ಪರವಾಗಿ ವಾದಿಸುವ ಕೆಲಸ. ತಾನು ಆಡಿದ ಮಾತನ್ನು ತಾನೇ ಕೇಳಿಸಿಕೊಂಡು ಮನುಷ್ಯ ಗಟ್ಟಿಯಾಗುತ್ತಾನೆ. ಆದ್ದರಿಂದ ಬದಲಾವಣೆಯ ಪರವಾದ ಮಾತು ಅವನ ಬಾಯಿಂದಲೇ ಬರುವಂತೆ ಪ್ರಶ್ನೆ ಕೇಳಿ, ಬಂದಾಗ ಸುಮ್ಮನೆ ಕೇಳಿಸಿಕೊಳ್ಳಬೇಕು. ಇದನ್ನು ಓದಿದ ಮೇಲೆ ನನಗೆ ನಮ್ಮ ಮನೆಯ ಪರಿಸ್ಥಿತಿ ಕಣ್ಣಿಗೆ ಕಟ್ಟಿತು. ಎರಡೂವರೆ ವರ್ಷದಿಂದ ನಾವು ಐದು ಮಂದಿ ಸರದಿಯಂತೆ ಅಪ್ಪಯ್ಯನ ಕೈಯಲ್ಲಿ ಯಂತ್ರದ ವಿರುದ್ಧ ಅರ್ಥ ಹೇಳಿಸುತ್ತಿದ್ದೆವು. ಯಂತ್ರ ಗುಂಯ್‌ಗುಡುತ್ತದೆ, ಅಂಥದ್ದನ್ನು ಹಾಕಿಕೊಂಡ ಪಕ್ಕದೂರಿನವರು ಪೆಟ್ಟಿಗೆಯಲ್ಲಿಟ್ಟಿದ್ದಾರೆ, ನಿಮಗೆ ಬಾಯಿಬಿಟ್ಟು ಮಾತಾಡಲು ಬರುವುದಿಲ್ಲ, ನನ್ನ ಕಿವಿಗೇನೂ ಆಗಿಲ್ಲ. ಪ್ರತಿ ಸಲ ಹೇಳಿದಾಗಲೂ ಪ್ರಸಂಗ ಇನ್ನಷ್ಟು ಪಳಗುತ್ತಿತ್ತು.

ಆ ವರ್ಷ ಅಡಿಕೆ ಸುಲಿಯುವ ಕಾಲಕ್ಕೆ ನಾನು ರಜೆ ಹಾಕಿ ಊರಿಗೆ ಹೋಗಿದ್ದೆ. ರಾತ್ರಿ ಊಟವಾದ ಮೇಲೆ ನಾವಿಬ್ಬರೇ ಸುಲಿಯುತ್ತ ಕುಳಿತಿದ್ದೆವು. ಅವರ ಬಲಗಿವಿ ಸ್ವಲ್ಪ ವಾಸಿಯಾದ್ದರಿಂದ ನಾನು ಬಲಕ್ಕೆ ಕುಳಿತಿದ್ದೆ. ಕಿವಿಯ ಮಾತನ್ನು ಎತ್ತಬಾರದೆಂದು ನಿರ್ಧರಿಸಿಯೇ ಕುಳಿತಿದ್ದರಿಂದ ಬೇರೆ ಏನೂ ತೋಚದೆ, "ಈಗೀಗ ಕೂಟಕ್ಕೆ ಯಾಕೆ ಹೋಗುತ್ತಿಲ್ಲ ನೀನು?" ಎಂದು ಕೇಳಿದೆ. (ನಮ್ಮ ಕಡೆ ಅಪ್ಪಯ್ಯನನ್ನು ಏಕವಚನದಲ್ಲಿ ಮಾತನಾಡಿಸುವುದೇ ರೂಢಿ, ಬರೆಯುವಾಗ ಮಾತ್ರ ಕೈ ತಾನಾಗಿ ಬಹುವಚನಕ್ಕೆ ಹೊರಳುತ್ತದೆ.) ಈಗಿನ ಭಾಗವತರಿಗೆ ಸಾಹಿತ್ಯ ಸ್ಪಷ್ಟವಿಲ್ಲ ಎಂದರು. ನಾನು ಹೂಂ ಎಂದೆ. ಬಹಳ ಹೊತ್ತು ಅಡಿಕೆ ಬುಟ್ಟಿಗೆ ಬೀಳುವ ಸದ್ದು ಮಾತ್ರ ಇತ್ತು. ಮೌನವನ್ನು ತುಂಬಬೇಕೆಂಬ ತುರಿಕೆಯನ್ನು ತಡೆದುಕೊಳ್ಳುವುದು ಎಷ್ಟು ಕಷ್ಟವೆಂದು ನನಗೆ ಅಂದು ಗೊತ್ತಾಯಿತು. ಆಮೇಲೆ ಅವರೇ ಹೇಳಿದರು.

ಹಿಂದಿನ ಮಳೆಗಾಲದಲ್ಲಿ ಒಂದು ಕೂಟದಲ್ಲಿ ಅವರದು ಕೃಷ್ಣ. ಸಂಧಾನಕ್ಕೆ ಬಂದವನು ತನ್ನ ಅರಮನೆಗೆ ಬಾರದೆ ವಿದುರನ ಮನೆಯಲ್ಲಿ ಹಾಲು ಕುಡಿದನೆಂದು ಕೌರವ ಕೆಣಕುವ ಸನ್ನಿವೇಶ. ಕೌರವನಾಗಿದ್ದ ಹುಡುಗ, "ವಿದುರನ ಹಾಲು ಅಷ್ಟು ರುಚಿಸಿತೇ?" ಎಂದು ಕೇಳಿದ್ದ. ಅಪ್ಪಯ್ಯನಿಗೆ ಕೇಳಿಸಿದ್ದು "ಪಾಲು". ಪಾಂಡವರ ಪಾಲು, ದಾಯಾದಿಗಳ ಪಾಲು, ಭೂಮಿಯಲ್ಲಿ ಯಾರ ಪಾಲು ಯಾರದು ಎಂದು ಹತ್ತು ನಿಮಿಷ ಚೆನ್ನಾಗಿಯೇ ಮಾತನಾಡಿದರು. ಸಭೆ ಮೊದಲು ಅದನ್ನು ಶ್ಲೇಷೆಯೆಂದುಕೊಂಡು ಚಪ್ಪಾಳೆ ತಟ್ಟಿತು. ಕೌರವನ ಹುಡುಗ ಮತ್ತೊಮ್ಮೆ ಹಾಲಿನ ಮಾತೆತ್ತಿದಾಗ ಅಪ್ಪಯ್ಯ ಮತ್ತೊಮ್ಮೆ ಪಾಲಿನ ಉತ್ತರ ಕೊಟ್ಟರು. ಆಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಪ್ಪಯ್ಯನಿಗೆ ಆ ನಗು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ನನಗೆ ಆ ಕ್ಷಣದಲ್ಲಿ, "ಅದಕ್ಕೇ ನಾವು ಯಂತ್ರ ಹಾಕಿಕೋ ಎನ್ನುವುದು" ಎಂಬ ಮಾತು ತುಟಿಯವರೆಗೆ ಬಂದಿತ್ತು. ಅದನ್ನು ಆಡಿದ್ದರೆ ಇನ್ನೊಂದು ವರ್ಷ ಹೋಗುತ್ತಿತ್ತು. ಅವರು ಯಂತ್ರವನ್ನು ಬೇಡವೆನ್ನುತ್ತಿದ್ದದ್ದು ಯಂತ್ರದ ಮೇಲಿನ ಸಿಟ್ಟಿನಿಂದಲ್ಲ, ದುಡ್ಡಿನ ಚಿಂತೆಯಿಂದಲೂ ಅಲ್ಲ. ಯಂತ್ರ ಹಾಕಿಕೊಂಡು ಜಗಲಿಗೆ ಬಂದರೆ ಆ ನಗುವಿಗೆ ಸಹಿ ಹಾಕಿಕೊಟ್ಟಂತೆ. ನಾವು ರಾಜ್ಯ ಕೊಡುತ್ತೇವೆಂದು ಹೇಳುತ್ತಲೇ ಇದ್ದೆವು, ಅವರ ಚಿಂತೆ ರಾಜ್ಯದ್ದಾಗಿರಲಿಲ್ಲ. "ಆ ಹುಡುಗ ಹಾಲು ಎಂದು ಬಾಯಿ ತುಂಬ ಹೇಳಿರಲಿಕ್ಕಿಲ್ಲ" ಎಂದಷ್ಟೇ ಹೇಳಿದೆ. "ಹೇಳಿದ್ದ" ಎಂದರು ಅಪ್ಪಯ್ಯ. ಎರಡೂವರೆ ವರ್ಷದಲ್ಲಿ ಮೊದಲ ಸಲ ಅವರು ತಮ್ಮ ಕಿವಿಯ ವಿರುದ್ಧ ಮಾತನಾಡಿದ್ದು ಅದು.

ಇಲ್ಲಿ ಒಂದು ಹಳೆಯ ಪಾಪವನ್ನು ಹೇಳಿಕೊಳ್ಳಬೇಕು, ಏಕೆಂದರೆ ಅದು ಆ ರಾತ್ರಿ ನನಗೆ ನೆನಪಾಯಿತು. ಬ್ಯಾಂಕಿನಲ್ಲಿ ಒಂದು ಕಾಲಕ್ಕೆ ವಿಮೆ ಪಾಲಿಸಿ ಮಾರುವ ಗುರಿ ಕೊಡುತ್ತಿದ್ದರು. ನಿವೃತ್ತರಾದ ಒಬ್ಬ ಮಾಸ್ತರರು ಠೇವಣಿ ನವೀಕರಿಸಲು ಬಂದಾಗ, ಇದೇ ರೀತಿ ಪಕ್ಕದಲ್ಲಿ ಕೂರಿಸಿಕೊಂಡು, ಅವರ ಮೊಮ್ಮಗನ ವಿಚಾರ ಕೇಳಿ, ಅವರ ಬಾಯಿಂದಲೇ ಮೊಮ್ಮಗನ ಓದಿನ ಆಸೆಯನ್ನು ಹೊರಡಿಸಿ, ಅವರ ವಯಸ್ಸಿಗೆ ಬೇಡವಾದ ದೀರ್ಘಾವಧಿಯ ಪಾಲಿಸಿಯೊಂದಕ್ಕೆ ಸಹಿ ಹಾಕಿಸಿದ್ದೆ. ಮೂರು ವರ್ಷದ ಮೇಲೆ ಹಣದ ಅಗತ್ಯ ಬಿದ್ದು ಬಂದವರಿಗೆ ಕಟ್ಟಿದ್ದಕ್ಕಿಂತ ಕಡಿಮೆ ಸಿಕ್ಕಿತು. ಅವರು ಬೈಯಲಿಲ್ಲ. "ನೀವು ಹೇಳಿದ್ದಿರಲ್ಲ ಎಂದು ಕಟ್ಟಿದೆ" ಎಂದು ಹೇಳಿ ಹೋದರು. ಆ ಮಾಸ್ತರರಿಗೆ ಮಾಡಿದ್ದಕ್ಕೂ ಅಪ್ಪಯ್ಯನ ಪಕ್ಕ ಕುಳಿತದ್ದಕ್ಕೂ ವಿಧಾನದಲ್ಲಿ ಏನೇನೂ ವ್ಯತ್ಯಾಸವಿರಲಿಲ್ಲ. ಒಲಿಸುವುದನ್ನೂ ಮರುಳು ಮಾಡುವುದನ್ನೂ ಬೇರೆ ಮಾಡಲು ನನಗೆ ಸಿಕ್ಕ ಒರೆಗಲ್ಲು ಒಂದೇ: ನಾನು ಹೀಗೆ ಮಾಡಿದೆನೆಂದು ಆಮೇಲೆ ಅವರಿಗೇ ಹೇಳಬಲ್ಲೆನೇ? ಮಾಸ್ತರರಿಗೆ ಇವತ್ತಿಗೂ ಹೇಳಲಾರೆ.

ಮರುದಿನವೂ ಅದರ ಮರುದಿನವೂ ನಾನು ಮಾತೆತ್ತಲಿಲ್ಲ. ಮೂರನೆಯ ದಿನ ಬಸ್ಸಿಗೆ ಹೊರಟಾಗ, ಮೈಸೂರಿನಲ್ಲಿ ಕಿವಿ ನೋಡುವ ದೊಡ್ಡ ಸಂಸ್ಥೆ ಇದೆಯಂತಲ್ಲ ಎಂದು ಅವರೇ ಕೇಳಿದರು. ಇದೆ, ಮಾನಸಗಂಗೋತ್ರಿಯ ಆವರಣದಲ್ಲಿ, ನಮ್ಮ ಮನೆಯಿಂದ ದೂರವಿಲ್ಲ, ಬಂದಾಗ ಪರೀಕ್ಷೆ ಮಾತ್ರ ಮಾಡಿಸಿಕೊಂಡು ಬರಬಹುದು ಎಂದೆ. 'ಮಾತ್ರ' ಎಂಬ ಪದವನ್ನು ಬೇಕೆಂದೇ ಸೇರಿಸಿದ್ದೆ. 1966ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಫ್ರೀಡ್‌ಮನ್ ಮತ್ತು ಫ್ರೇಸರ್ ಎಂಬಿಬ್ಬರು ನಡೆಸಿದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ಎಚ್ಚರದಿಂದ ವಾಹನ ಚಲಾಯಿಸಿ ಎಂಬ ದೊಡ್ಡ, ಅಂದಗೆಟ್ಟ ಫಲಕವನ್ನು ಮನೆಯ ಅಂಗಳದಲ್ಲಿ ನೆಡಲು ನೇರವಾಗಿ ಕೇಳಿದರೆ ಶೇಕಡಾ 17ರಷ್ಟು ಜನ ಒಪ್ಪಿದರು. ಎರಡು ವಾರ ಮೊದಲು ಅದೇ ವಿಷಯದ ಅಂಗೈಗಿಂತ ಸಣ್ಣ ಚೀಟಿಯೊಂದನ್ನು ಅಂಟಿಸಿಕೊಂಡಿದ್ದವರಲ್ಲಿ ಶೇಕಡಾ 76ರಷ್ಟು ಜನ ಒಪ್ಪಿದರು. ಮಾರಾಟಗಾರರು ಇದನ್ನು ಚೆನ್ನಾಗಿ ಬಲ್ಲರು, ಆದ್ದರಿಂದ ನನಗೆ ಈ ಉಪಾಯದ ಬಗ್ಗೆ ಅರ್ಧ ಗೌರವ, ಅರ್ಧ ಅನುಮಾನ. ಆದರೂ ಎಪ್ಪತ್ತಾರು ವರ್ಷದ ಮನುಷ್ಯ ಇಡೀ ಸೋಲನ್ನು ಒಂದೇ ಸಲಕ್ಕೆ ನುಂಗಬೇಕಾಗಿಲ್ಲ ಎಂಬ ಅನುಕೂಲವೂ ಅದರಲ್ಲಿದೆ.

ಪರೀಕ್ಷೆಯ ದಿನ ನಿಜವಾಗಿ ಅಪ್ಪಯ್ಯನನ್ನು ಒಲಿಸಿದ್ದು ನಾನಲ್ಲ, ಒಂದು ನಕ್ಷೆ. ಸದ್ದು ಹೊರಗಿನಿಂದ ಬಾರದ ಕೋಣೆಯಲ್ಲಿ ಕೂರಿಸಿ, ಒಂದೊಂದೇ ಸ್ವರ ಕೇಳಿಸಿ ಪರೀಕ್ಷಿಸಿದ ಮೇಲೆ, ಅಲ್ಲಿದ್ದ ಹುಡುಗಿ ಎಡದಿಂದ ಬಲಕ್ಕೆ ಇಳಿಜಾರಾಗಿ ಬಿದ್ದ ಗೆರೆಯನ್ನು ತೋರಿಸಿ, ಅಜ್ಜ, ನಿಮಗೆ ದಪ್ಪ ಸ್ವರಗಳೆಲ್ಲ ಚೆನ್ನಾಗಿ ಕೇಳಿಸುತ್ತವೆ, ತೆಳುವಾದವು ಮಾತ್ರ ಹೋಗಿವೆ ಎಂದಳು. ವಯಸ್ಸಿನ ಕಿವುಡು ಹೀಗೆಯೇ ಮೇಲಿನ ಕಂಪನಗಳಿಂದ ಶುರುವಾಗುತ್ತದೆ. ಅ, ಆ, ಓ ಎಂಬ ಸ್ವರಾಕ್ಷರಗಳ ಬಲವೆಲ್ಲ ಕೆಳಗಿನ ಕಂಪನಗಳಲ್ಲಿರುವುದರಿಂದ ಅವು ಉಳಿಯುತ್ತವೆ. ಸಕಾರದಂಥ ವ್ಯಂಜನದ ಸದ್ದು 4000 ಹರ್ಟ್ಸ್‌ಗಿಂತ ಮೇಲಿರುವುದರಿಂದ ಮೊದಲು ಅಳಿಯುತ್ತದೆ. ಮಾತು ಕೇಳಿಸುತ್ತದೆ, ಯಾವ ಮಾತೆಂದು ತಿಳಿಯುವುದಿಲ್ಲ. ನೆಂಟರು ಎಲೆಗೆ ಕೈ ಅಡ್ಡ ಹಿಡಿದು "ಸಾಕು" ಎಂದರೆ ಅಪ್ಪಯ್ಯ "ಹಾಕು" ಎಂದು ಕೇಳಿಸಿಕೊಂಡು ಇನ್ನೊಂದು ಸೌಟು ಬಡಿಸುತ್ತಿದ್ದದ್ದನ್ನು ನಾವು ಉಪಚಾರವೆಂದು ತಿಳಿದಿದ್ದೆವು. ನಾವು ಕಿರುಚಿದರೆ ಸ್ವರಾಕ್ಷರಗಳೇ ಇನ್ನಷ್ಟು ದೊಡ್ಡದಾಗುತ್ತವೆಯೇ ಹೊರತು ವ್ಯಂಜನ ಮರಳಿ ಬರುವುದಿಲ್ಲ. ಹಾಗಾಗಿ ನೀವು ಬರಿದೇ ಕೂಗುತ್ತೀರಿ ಎಂದು ಅವರು ರೇಗುತ್ತಿದ್ದದ್ದು ನೂರಕ್ಕೆ ನೂರು ಸರಿಯಾಗಿತ್ತು.

ಅಪ್ಪಯ್ಯ ಆ ಗೆರೆಯನ್ನು ಬಹಳ ಹೊತ್ತು ನೋಡಿದರು. "ಅಂದರೆ ಭಾಗವತರ ರಾಗ ಕೇಳಿಸುತ್ತದೆ, ಸಾಹಿತ್ಯ ಕೇಳಿಸುವುದಿಲ್ಲ, ಅಷ್ಟೇ ತಾನೇ?" ಎಂದರು. ಹುಡುಗಿಗೆ ಭಾಗವತರು ಯಾರೆಂದು ತಿಳಿಯಲಿಲ್ಲ, ಆದರೂ ಹೌದು ಅಜ್ಜ ಎಂದಳು. ಭಾಗವತರ ಮೇಲೆ ಹೊರಿಸಿದ್ದ ಆರೋಪ ಅಷ್ಟು ಹೊತ್ತಿಗೆ ತಾನಾಗಿ ಇಳಿದಿತ್ತು, ಯಾರೂ ಅದನ್ನು ಎತ್ತಿ ತೋರಿಸಲಿಲ್ಲ. ಕಿವುಡನೆಂಬ ಪದ ಒಪ್ಪಲಾರದವರಿಗೆ ವ್ಯಂಜನ ಹೋಗಿದೆ ಎಂಬ ಮಾತು ಒಪ್ಪುವಂತಿತ್ತು. ಯಂತ್ರಕ್ಕೆ ಅಳತೆ ಕೊಟ್ಟು ಬಂದದ್ದು ಅದೇ ದಿನ. ಹೊಸದಾಗಿ ಮರಳಿದ ಸದ್ದುಗಳಿಗೆ ಮಿದುಳು ಒಗ್ಗಿಕೊಳ್ಳಲು ಕೆಲವು ವಾರಗಳೇ ಬೇಕೆಂದು ಅವಳು ಮೊದಲೇ ಎಚ್ಚರಿಸಿದ್ದರಿಂದ, ಮೊದಲ ವಾರ ತಟ್ಟೆ ಲೋಟದ ಸದ್ದಿಗೆ ಬೆಚ್ಚಿಬೀಳುತ್ತಿದ್ದರೂ ಪೆಟ್ಟಿಗೆಯಲ್ಲಿಡಲಿಲ್ಲ.

ಎಲ್ಲ ಮುಗಿದ ಮೇಲೆ, ಆ ರಾತ್ರಿ ಅಡಿಕೆ ಸುಲಿಯುವಾಗ ಕೂಟದ ಮಾತನ್ನು ಕೇಳುವ ಮೊದಲೇ ನಾನು ಬಲಗಡೆ ನೋಡಿ ಕುಳಿತದ್ದು, 'ಮಾತ್ರ' ಸೇರಿಸಿದ್ದು, ಎಲ್ಲವನ್ನೂ ಅವರಿಗೆ ಹೇಳಿದೆ. ಅಪ್ಪಯ್ಯ ನಕ್ಕು, "ರಥದಲ್ಲಿ ಪಕ್ಕಕ್ಕೆ ಕೂರಿಸಿಕೊಂಡಾಗ ಯಾಕೆಂದು ಕರ್ಣನಿಗೆ ಗೊತ್ತಾಗಿರಲಿಲ್ಲವೆಂದುಕೊಂಡೆಯಾ?" ಎಂದರು. ತಮ್ಮನಿಗೆ ಫೋನು ಮಾಡಿ, ಬಂದಾಗ ದಯವಿಟ್ಟು "ನಾನು ಆಗಲೇ ಹೇಳಿದ್ದೆ" ಎನ್ನಬೇಡ ಎಂದು ಕೇಳಿಕೊಂಡೆ. ಅವನನ್ನು ಒಪ್ಪಿಸಲು ಅಪ್ಪಯ್ಯನಿಗಿಂತ ಹೆಚ್ಚು ಹೊತ್ತು ಬೇಕಾಯಿತು.

ಈ ಮಳೆಗಾಲದಲ್ಲಿ ಅವರು ಮೂರು ಕೂಟಗಳಿಗೆ ಹೋಗಿ ಬಂದರು. ಮನೆಗೆ ಬಂದ ಕೂಡಲೇ ಮಾತ್ರ ಯಂತ್ರ ಕಿವಿಯಿಂದ ಕಳಚಿ ಡಬ್ಬಿ ಸೇರುತ್ತದೆ. ಕೇಳಿದರೆ ಬ್ಯಾಟರಿ ಉಳಿಸುತ್ತಿದ್ದೇನೆ ಎನ್ನುತ್ತಾರೆ. "ಕೌರವ ಆಡುವ ಮಾತು ಕೇಳಬೇಕಂತೆ, ನಾನು ಆಡುವುದು ಬೇಡವಂತೆ" ಎಂದು ಆಯಿ, ಅಂದರೆ ನನ್ನ ಅಮ್ಮ, ಹೋದ ವಾರ ಫೋನಿನಲ್ಲಿ ದೂರಿದಳು. ನೀನೇ ಒಮ್ಮೆ ಬಂದು ಪಕ್ಕದಲ್ಲಿ ಕುಳಿತು ಹೇಳು, ನಿನ್ನ ಮಾತಾದರೆ ಕೇಳುತ್ತಾರೆ ಎಂದಳು. ಐವತ್ತೈದು ವರ್ಷದ ದಾಂಪತ್ಯದೊಳಗಿನ ಆ ಡಬ್ಬಿಗೆ ಕೈ ಹಾಕುವ ಧೈರ್ಯ ನನಗಾಗಲಿಲ್ಲ. ನೋಡೋಣ ಎಂದೆ. ಆಯಿ ಒಂದು ಕ್ಷಣ ಸುಮ್ಮನಿದ್ದು, ಸರಿ ಹಾಗಾದರೆ ಎಂದು ಫೋನು ಇಟ್ಟಳು.